ಎಂಬಿಬಿಎಸ್ ಸೀಟು ಸಿಗದಿದ್ದರೆ ದಾರಿ ಮುಗಿಯಿತೇ?

ನೀಟ್ ಫಲಿತಾಂಶ ಬಂದ ವಾರ ನಮ್ಮ ಮನೆಗಳಲ್ಲಿ ಒಂದೇ ಪ್ರಶ್ನೆ: ಸೀಟು ಸಿಗಬಹುದಾ? ಸಿಗುವುದಿಲ್ಲ ಎಂದಾದರೆ ಹುಡುಗನಿಗೆ ಗಲ್ಫ್ ವೀಸಾ, ಹುಡುಗಿಗೆ ಮದುವೆ ಮಾತುಕತೆ. ಪಿಯುಸಿಯಲ್ಲಿ ಕಲಿತ ವಿಜ್ಞಾನ ಅಲ್ಲಿಗೇ ಮುಗಿಯಿತು.

ಜೀವರಸಾಯನಶಾಸ್ತ್ರ, ಅಣು ತಳಿವಿಜ್ಞಾನ ಎಂಬ ದಾರಿಯೂ ಇದೆ. ಇದು ನಮಗೆ ದೂರದ ವಿಷಯವಲ್ಲ. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಇನ್ಸುಲಿನ್ ಚುಚ್ಚಿಸಿಕೊಳ್ಳುತ್ತಾರೆ. ಹಿಂದೆ ಅದನ್ನು ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. ಮನುಷ್ಯನ ಇನ್ಸುಲಿನ್ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ತಯಾರಿಸಿದ ಔಷಧಕ್ಕೆ ಅಮೆರಿಕದಲ್ಲಿ 1982ರಲ್ಲಿ ಅನುಮತಿ ಸಿಕ್ಕಿತು. ಆಹಾರದಲ್ಲಿ ಹಂದಿಯ ಅಂಶ ಬೆರೆತಿದೆಯೇ ಎಂದು ಡಿಎನ್‌ಎ ಪರೀಕ್ಷಿಸಿ ಹೇಳುವುದೂ ಇದೇ ವಿದ್ಯೆ. ಹಲಾಲ್-ಹರಾಮ್ ಚಿಂತೆ ಇರುವ ನಾವೇ ಇದನ್ನು ಕಲಿಯದಿದ್ದರೆ ಹೇಗೆ?

ಪಿಸಿಎಂಬಿ ಕಲಿತವರಿಗೆ ಬಿಎಸ್ಸಿ ಇದೆ, ನೀಟ್ ಬೇಕಿಲ್ಲ. ಮುಂದೆ ಕೊಣಾಜೆಯ ಮಂಗಳೂರು ವಿವಿಯಲ್ಲೇ ಜೀವರಸಾಯನಶಾಸ್ತ್ರದ ಎಂಎಸ್ಸಿ ಇದೆ. ಒಂದು ಮಾತು ಬಿಚ್ಚಿ ಹೇಳಬೇಕು: ಬರೀ ಬಿಎಸ್ಸಿಗೆ ಒಳ್ಳೆಯ ಸಂಬಳ ಕಷ್ಟ. ಎಂಎಸ್ಸಿ ಮುಗಿಸಿದರೆ ಔಷಧ ಕಂಪೆನಿ, ಆಹಾರ ಪರೀಕ್ಷೆಯ ಲ್ಯಾಬ್, ಜೆನೆಟಿಕ್ ಲ್ಯಾಬ್, ಬೋಧನೆ ಎಂದು ಬಾಗಿಲುಗಳು ತೆರೆಯುತ್ತವೆ. ಸಿಎಸ್‌ಐಆರ್ ನೆಟ್ ಬರೆದು ಜೆಆರ್‌ಎಫ್ ಪಡೆದವರಿಗೆ ಪಿಎಚ್‌ಡಿ ಮಾಡುವಾಗ ಆರಂಭದಲ್ಲೇ ತಿಂಗಳಿಗೆ 37,000 ರೂ. ಫೆಲೋಶಿಪ್ ಇದೆ.

ಇದಕ್ಕೆ ಐದಾರು ವರ್ಷದ ಸಬೂರ್ ಬೇಕು. ಮದುವೆಗೆ ಲಕ್ಷಗಟ್ಟಲೆ ಸಾಲ ಮಾಡುವ ನಮಗೆ ಮಗಳ ಎಂಎಸ್ಸಿ ಫೀಸು ಭಾರವಾಗಬಾರದು. ಜಮಾಅತ್‌ಗಳು ಎಂಬಿಬಿಎಸ್ ಮಕ್ಕಳಿಗೆ ಶಾಲು ಹೊದೆಸಿದರೆ ಸಾಲದು, ಬಿಎಸ್ಸಿ ಸೇರುವ ಬಡ ಮಕ್ಕಳ ಫೀಸನ್ನೂ ಈ ವರ್ಷವೇ ನೋಡಿಕೊಳ್ಳಲಿ.