ಗೃಹಸ್ಥರೊಡನೆ ನಾಲ್ಕು ಮಾತು: ಹಡಗಿನಿಂದಿಳಿಯುವ ಮುಂಜಾನೆ



ಕಳೆದ ತಿಂಗಳು ನಾವು ಮನೆಮಂದಿಯೊಡನೆ ಸಮುದ್ರಯಾನ ಮಾಡಿಬಂದ ಸಂಗತಿಯು ಬಳ್ಳಾರಿಯಲ್ಲಿ ಹಬ್ಬಿದುದೇ ತಡ, ಮಿತ್ರರು ಹಲವರು ನಮ್ಮನ್ನು ಬೀದಿಯಲ್ಲಿ ತಡೆದು ನಿಲ್ಲಿಸಿ, ಹಡಗನ್ನು ಹತ್ತುವ ಬಗೆ ಹೇಗೆ, ಊಟೋಪಚಾರಗಳು ಎಂಥವು, ವಾಂತಿಯಾಗುವುದೇ ಎಂದು ಮುಂತಾಗಿ ಪ್ರಶ್ನೆಗಳ ಮೇಲೆ ಪ್ರಶ್ನೆಗಳನ್ನು ಹಾಕಿದರು. ಇಳಿಯುವ ಬಗೆ ಹೇಗೆಂದು ಕೇಳಿದವರು ಒಬ್ಬರೂ ಇಲ್ಲ. ಇದು ಲೋಕಸ್ವಭಾವವೇ ಸರಿ. ಮದುವೆಯ ಚಪ್ಪರವನ್ನು ಹಾಕುವಾಗ ಕೂಡುವ ಕೈಗಳು ಅದನ್ನು ಬಿಚ್ಚುವಾಗ ಕೂಡುವುದಿಲ್ಲ. ಒಂದು ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸಬೇಕಾದರೆ ಉಪಕ್ರಮೋಪಸಂಹಾರಗಳೆರಡನ್ನೂ ಕೂಡಿಸಿ ನೋಡಬೇಕೆಂದು ಮೀಮಾಂಸಕರ ಮತ. ಇದನ್ನು ಪಾಠದ ನಡುವೆ ಎಷ್ಟೋ ಸಲ ಹುಡುಗರಿಗೆ ಹೇಳಿದ ನಾವೇ ನಮ್ಮ ಯಾತ್ರೆಯ ಉಪಸಂಹಾರದಲ್ಲಿ ಎಡವಿದೆವು. ಆ ಎಡವಿದ ಕಥೆಯನ್ನು ಹೇಳಿದರೆ ಮುಂದೆ ಹೋಗುವ ಗೃಹಸ್ಥರಿಗೆ ಪ್ರಯೋಜನವಾದೀತೆಂದು ಈ ತಿಂಗಳ ಮಾತನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ನಮಗೆ ಅರುವತ್ತು ತುಂಬಿ, ಮನೆಯಲ್ಲಿ ಷಷ್ಟಿಪೂರ್ತಿಯ ಶಾಂತಿಯು ಮುಗಿದ ಬಳಿಕ, ಮಗನು ನಮ್ಮನ್ನೂ ಮನೆಯಾಕೆಯನ್ನೂ ಕಡಲ ಮೇಲೆ ಕರೆದೊಯ್ಯುವುದಾಗಿ ಹೇಳಿದನು. ೨೦೨೧ರ ಸೆಪ್ಟೆಂಬರಿನಲ್ಲಿ ಕಾರ್ಡೀಲಿಯಾ ಎಂಬ ಸಂಸ್ಥೆಯ ಹಡಗು ಮುಂಬಯಿಯಿಂದ ಸಂಚಾರವನ್ನಾರಂಭಿಸಿದಂದಿನಿಂದ, ಗೋವೆ, ಲಕ್ಷದ್ವೀಪ, ಕೊಚ್ಚಿಗಳ ಕಡೆಗೆ ಇಂಥ ವಿಹಾರಯಾನವು ನಮ್ಮ ಕಡೆಯ ಮಧ್ಯಮ ಗೃಹಸ್ಥರ ಬಾಯಲ್ಲಿಯೂ ಕೇಳಿಬರುತ್ತಿದೆ. ನಾವು ಕೈಕೊಂಡುದು ಎರಡು ರಾತ್ರಿಗಳ ಯಾನ. ಹತ್ತುವುದು ಮುಂಬಯಿಯಲ್ಲಿ, ಇಳಿಯುವುದು ಗೋವೆಯ ಮಾರ್ಮಗೋವಾ ಬಂದರಿನಲ್ಲಿ. ಮಗನು ನಮ್ಮಿಬ್ಬರನ್ನಲ್ಲದೆ ಸಿರುಗುಪ್ಪದಲ್ಲಿರುವ ನಮ್ಮ ಅಕ್ಕನನ್ನೂ, ಕುರುಗೋಡಿನಲ್ಲಿರುವ ನಮ್ಮ ತಮ್ಮನನ್ನೂ ಅವನ ಹೆಂಡತಿಯನ್ನೂ ಸೇರಿಸಿದ್ದನು. ಸೊಸೆ, ಎಂಟು ವರ್ಷದ ಮೊಮ್ಮಗ ಕೂಡಿ ನಾವು ಎಂಟು ಮಂದಿ.

ಇಲ್ಲಿ ಒಂದು ಗೃಹಚ್ಛಿದ್ರವನ್ನು ಹೇಳದೆ ವಿಧಿಯಿಲ್ಲ. ತಾಯಿಯು ತೀರಿಕೊಂಡ ಮೇಲೆ ಕುರುಗೋಡಿನ ಹಳೆಯ ಮನೆಯ ವಿಷಯವಾಗಿ ಅಕ್ಕನಿಗೂ ತಮ್ಮನಿಗೂ ಮಾತು ಬೆಳೆದು, ನಾಲ್ಕು ವರ್ಷಗಳಿಂದ ಇಬ್ಬರಲ್ಲಿಯೂ ಮಾತೇ ಇರಲಿಲ್ಲ. ದೊಡ್ಡಬಸವೇಶ್ವರನ ತೇರಿಗೆ ತಪ್ಪದೆ ಬರುತ್ತಿದ್ದ ಅಕ್ಕನು ಆ ನಾಲ್ಕು ವರ್ಷಗಳೂ ಕುರುಗೋಡಿಗೆ ಕಾಲಿಡಲಿಲ್ಲ. ನಡುವಿನವರಾದ ನಾವು ಇಬ್ಬರಿಗೂ ಒಳ್ಳೆಯವರಾಗಬೇಕೆಂದು ಬಾಯಿ ಮುಚ್ಚಿಕೊಂಡಿದ್ದೆವು. ಹಡಗಿನಲ್ಲಿಯಾದರೂ ಕೂಡಿಯಾರೆಂಬುದು ಮಗನ ಆಸೆ. ಆದರೆ ಹಡಗೆಂಬುದು ಹನ್ನೊಂದು ಅಂತಸ್ತಿನ ಊರು. ತುಂಗಭದ್ರೆಯ ಹರಿಗೋಲಿನಲ್ಲಿ ಮುಖಕ್ಕೆ ಮುಖ ಕೊಟ್ಟು ಕೂಡದೆ ಗತಿಯಿಲ್ಲ, ಹಡಗಿನಲ್ಲಿ ಹಾಗಲ್ಲ. ಒಬ್ಬರು ಮೇಲಿನ ಅಟ್ಟದಲ್ಲಿದ್ದರೆ ಇನ್ನೊಬ್ಬರು ಕೆಳಗೆ. ಎರಡು ದಿನಗಳೂ ಹೀಗೆಯೇ ಕಳೆದವು. ಬೌಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಪತನೀಯ ಕರ್ಮಗಳಲ್ಲಿ ಎಣಿಸಿರುವುದನ್ನು ನಾವು ನಗುತ್ತ ಹೇಳಿದಾಗ, ಅಕ್ಕನು, "ಕಡಲು ದಾಟಿದ್ದಕ್ಕೆ ಪ್ರಾಯಶ್ಚಿತ್ತ ಐತಿ ಅಂದ್ಯಲ್ಲಪ್ಪಾ, ಒಡಹುಟ್ಟಿದವರ ಕೂಡ ಮಾತು ಬಿಟ್ಟಿದ್ದಕ್ಕೆ ಏನು ಬರೆದಾರ?" ಎಂದು ಕೇಳಿದಳು. ನಮಗೆ ಉತ್ತರ ತೋಚಲಿಲ್ಲ.

ಈಗ ಕಡೆಯ ಮುಂಜಾನೆಯ ವಿಷಯ. ಅದು ಮುಂಜಾನೆಯಲ್ಲಿ ಆರಂಭವಾಗುವುದಿಲ್ಲ, ಹಿಂದಿನ ಸಂಜೆಯಲ್ಲಿಯೇ ಆರಂಭವಾಗುತ್ತದೆ. ಸಂಜೆ ಕೋಣೆಗೆ ಒಂದು ಕಾಗದವೂ ಕೆಲವು ಬಣ್ಣದ ಚೀಟಿಗಳೂ ಬರುತ್ತವೆ. ಕಾಗದದಲ್ಲಿ ಕೋಣೆಯನ್ನು ಎಷ್ಟು ಗಂಟೆಗೆ ತೆರವು ಮಾಡತಕ್ಕದ್ದು, ಎಲ್ಲಿ ಕಾಯತಕ್ಕದ್ದು, ಯಾವ ಬಣ್ಣದವರನ್ನು ಯಾವಾಗ ಕರೆಯುವರು ಎಂಬುದೆಲ್ಲವೂ ಇರುತ್ತದೆ. ಚೀಟಿಯನ್ನು ದೊಡ್ಡ ಪೆಟ್ಟಿಗೆಗಳ ಹಿಡಿಗೆ ಕಟ್ಟಿ ರಾತ್ರಿ ಗೊತ್ತಾದ ವೇಳೆಯೊಳಗೆ ಬಾಗಿಲ ಹೊರಗಿಟ್ಟರೆ, ಹಡಗಿನ ಆಳುಗಳು ಒಯ್ದು, ಮರುದಿನ ದಡದ ಮೇಲೆ ಒಪ್ಪಿಸುತ್ತಾರೆ. ನೂರಾರು ಪೆಟ್ಟಿಗೆಗಳು ಒಂದೇ ಮೊಗದವಾಗಿರುವುದರಿಂದ, ಹಿಡಿಗೆ ಒಂದು ಗುರುತು ಅವಶ್ಯಕ. ನಮ್ಮ ಸೊಸೆಯು ಹಳೆಯ ಖಣದ ಚೂರುಗಳನ್ನು ಕಟ್ಟಿದ್ದಳು, ಗುರುತು ಹಿಡಿಯುವುದು ನಿಮಿಷದ ಕೆಲಸವಾಯಿತು.

ಪೆಟ್ಟಿಗೆಯನ್ನು ಹೊರಗಿಟ್ಟ ಮೇಲೆ ಬೆಳಗಿನವರೆಗೆ ಅದು ಕೈಗೆ ಸಿಕ್ಕುವುದಿಲ್ಲ. ಆದುದರಿಂದ ಮರುದಿನ ಉಡುವ ಬಟ್ಟೆ, ಪಾದರಕ್ಷೆ, ಕನ್ನಡಕ, ಆಧಾರ್ ಮೊದಲಾದ ಗುರುತಿನ ಪತ್ರಗಳು, ಹಣ, ಮನೆಯ ಬೀಗದ ಕೈ, ಎಲ್ಲಕ್ಕಿಂತ ಮಿಗಿಲಾಗಿ ಔಷಧಿಗಳು, ಇವು ಒಂದು ಕೈಚೀಲದಲ್ಲಿ ತಮ್ಮ ಬಳಿಯಲ್ಲಿಯೇ ಇರಬೇಕು. ಮಗನು ಇದನ್ನೇ ಹೇಳಹೊರಟನು. ನಾವಾದರೋ ಪರೀಕ್ಷಾ ಮಂದಿರದ ಮೇಲ್ವಿಚಾರಕರಂತೆ ಕೋಣೆ ಕೋಣೆಗೆ ಹೋಗಿ, "ಯಾವುದನ್ನೂ ಹೊರಗೆ ಬಿಡಬೇಡಿರಿ, ಎಲ್ಲವನ್ನೂ ಪೆಟ್ಟಿಗೆಗೆ ಹಾಕಿರಿ" ಎಂದು ಅಪ್ಪಣೆ ಮಾಡಿ, ಹತ್ತೂವರೆಗೆಲ್ಲ ಪೆಟ್ಟಿಗೆಗಳನ್ನು ಸಾಲಾಗಿ ಇಡಿಸಿ, ಸಂತೋಷದಿಂದ ಮಲಗಿದೆವು. ಬೆಳಗ್ಗೆ ನೋಡುವಲ್ಲಿ ನಮ್ಮ ಪಾದರಕ್ಷೆಗಳೇ ಇಲ್ಲ. ಕೋಣೆಯಲ್ಲಿ ಕೊಟ್ಟಿದ್ದ ಬಿಳಿಯ ತೆಳು ಚಪ್ಪಲಿಯನ್ನೇ ಮೆಟ್ಟಿ ಉಪಾಹಾರಕ್ಕೆ ನಡೆದೆವು. ಇದು ನಗೆಯ ಮಾತು. ನಗೆಯಲ್ಲದ ಮಾತು ಮುಂದಿದೆ.

ಲೆಕ್ಕದ ವಿಷಯದಲ್ಲಿಯೂ ಒಂದು ಎಚ್ಚರಿಕೆ. ಹಡಗಿನೊಳಗೆ ಕೊಂಡದ್ದು ಕುಡಿದದ್ದೆಲ್ಲವೂ ಕೋಣೆಯ ಕಾರ್ಡಿನ ಮೇಲೆ ಏರುತ್ತದೆ. ಆ ಲೆಕ್ಕವನ್ನು ಹಿಂದಿನ ಸಂಜೆಯೇ ಕೇಳಿ ನೋಡಿ, ತಪ್ಪಿದ್ದರೆ ಆಗಲೇ ತಿದ್ದಿಸಿಕೊಳ್ಳತಕ್ಕದ್ದು. ಬೆಳಗ್ಗೆ ನೋಡಿಕೊಳ್ಳೋಣವೆಂದರೆ, ಹಡಗಿನವರೆಲ್ಲರೂ ಹಾಗೆಯೇ ಎಂದುಕೊಂಡು ಬಂದು ನಿಂತ ಸಾಲಿನ ಬಾಲವನ್ನು ಹಿಡಿಯಬೇಕಾದೀತು.

ನಸುಕಿನಲ್ಲಿ ಎಚ್ಚರವಾದಾಗ ಯಂತ್ರದ ನಾದವೇ ಬೇರೆಯಾಗಿರುತ್ತದೆ. ಬಂದರಿನ ನೀರಿನ ಆಳವನ್ನೂ ಸೆಳೆತವನ್ನೂ ಬಲ್ಲ ಪೈಲಟ್ ಎಂಬ ಮಾರ್ಗದರ್ಶಕನು ಸಣ್ಣ ದೋಣಿಯಲ್ಲಿ ಬಂದು ಹಡಗನ್ನೇರುತ್ತಾನೆ. ಅವನ ಸೂಚನೆಯಂತೆ ಹಡಗು ಮೆಲ್ಲನೆ ಸರಿದು ಕಟ್ಟೆಗೆ ಹತ್ತಿ, ಹಗ್ಗಗಳಿಂದ ಬಿಗಿಯಲ್ಪಡುತ್ತದೆ. ಈ ದೃಶ್ಯವನ್ನು ನಿದ್ದೆಯಲ್ಲಿ ಕಳೆದುಕೊಳ್ಳಬಾರದು. ಆದರೆ ಹಡಗು ಕಟ್ಟೆಗೆ ಹತ್ತಿದ ಕೂಡಲೇ ಇಳಿಯಬಹುದೆಂದು ತಿಳಿಯುವುದು ಭ್ರಮೆ. ಬಂದರಿನ ಅಧಿಕಾರಿಗಳ ಒಪ್ಪಿಗೆ ದೊರೆತು, ಪೆಟ್ಟಿಗೆಗಳು ದಡ ಸೇರಿದ ಮೇಲೆಯೇ ಜನರನ್ನು ಬಿಡುವುದು. ಪರದೇಶದ ಬಂದರಾದರೆ ರಹದಾರಿಯ ತಪಾಸಣೆ, ಸುಂಕದ ತಪಾಸಣೆಗಳೂ ಸೇರುತ್ತವೆ. ಅಮೆರಿಕದಲ್ಲಿ ನೆಲೆಸಿದ ಮಕ್ಕಳೊಡನೆ ಅಲ್ಲಿಯ ಹಡಗಿನಲ್ಲಿ ಹೋಗುವ ಹಿರಿಯರು, ಉಪಾಹಾರದ ಮೇಜಿನಿಂದ ಹಣ್ಣನ್ನು ಸೆರಗಿಗೆ ಕಟ್ಟಿಕೊಂಡು ಇಳಿಯಬಾರದು. ಅಲ್ಲಿನ ಸುಂಕದವರು ಹಣ್ಣುಹಂಪಲುಗಳ ವಿಷಯದಲ್ಲಿ ಬಹಳ ನಿಷ್ಠುರರು.

ಉಪಾಹಾರವು ಅಂದು ಬೇಗ ಆರಂಭವಾಗಿ ಬೇಗ ಮುಗಿಯುತ್ತದೆ. ಕೋಣೆಯನ್ನು ಎಂಟರೊಳಗೆ ತೆರವು ಮಾಡೆಂದಾಗ ಕೆಲವರು ಕೋಪಿಸಿಕೊಳ್ಳುವುದನ್ನು ಕಂಡೆವು. ಅದೇ ದಿನ ಅದೇ ಕೋಣೆಗೆ ಬೇರೆ ಯಾತ್ರಿಕರು ಬರತಕ್ಕವರು. ನಡುವಿನ ಕೆಲವೇ ತಾಸುಗಳಲ್ಲಿ ಆಳುಗಳು ಹಡಗನ್ನೆಲ್ಲ ತೊಳೆದು ಹಾಸಿ ಅಣಿಮಾಡಬೇಕು. ಎರಡು ದಿನ ನಮಗೆ ಹಾಸಿಗೆ ಹಾಸಿದವನ ಹೆಸರನ್ನು ಕೇಳಿ, ಒಂದು ಒಳ್ಳೆಯ ಮಾತನ್ನಾಡಿ ಹೊರಡುವುದು ಗೃಹಸ್ಥಧರ್ಮ. ಹೊರಡುವ ಮುನ್ನ ಗೋಡೆಯ ತಿಜೋರಿ, ಮಂಚದ ಕೆಳಗು, ಬಚ್ಚಲು, ಫೋನಿನ ಚಾರ್ಜರು ಸಿಕ್ಕಿಸಿದ ಜಾಗ, ಈ ನಾಲ್ಕನ್ನೂ ನೋಡಬೇಕು. ದ್ವಾರದಲ್ಲಿ ಕಾರ್ಡನ್ನು ಒಮ್ಮೆ ಒತ್ತಿ ಹೊರಬಿದ್ದ ಮೇಲೆ ಮತ್ತೆ ಒಳಗೆ ಬಿಡುವುದಿಲ್ಲ.

ಆಮೇಲಿನದು ಕಾಯುವ ಕಾಲ. ನಮ್ಮ ಎಂಟು ಮಂದಿಗೂ ಒಂದೇ ಬಣ್ಣ, ಒಂದೇ ಸಭಾಂಗಣ. ಅಂದು ಮಾತ್ರ ಹಡಗು ಹರಿಗೋಲಾಯಿತು. ಅಕ್ಕನೂ ತಮ್ಮನೂ ಎದುರುಬದುರಾಗಿ ಕೂಡಬೇಕಾಯಿತು. ಎಂಟೂವರೆಯ ಹೊತ್ತಿಗೆ ಅಕ್ಕನ ಮುಖ ಬಾಡಿತು. ಕೇಳಲಾಗಿ, "ರಕ್ತದೊತ್ತಡದ ಗುಳಿಗಿ ಪೆಟ್ಟಿಗ್ಯಾಗ ಹೋತಪ್ಪಾ. ನೀ ಎಲ್ಲಾ ಹಾಕು ಅಂದಿ, ಹಾಕಿದೆ. ತಲಿ ಸುತ್ತಾಕ ಹತ್ತೇತಿ" ಎಂದಳು. ಗುಳಿಗೆಯ ಹೆಸರೇನೆಂದರೆ, "ಬಿಳೇದು, ಸಣ್ಣದು" ಎಂದಷ್ಟೇ ಅವಳು ಬಲ್ಲಳು. ಮಗನೂ ಸೊಸೆಯೂ ಹುಡುಗನೊಡನೆ ಮೇಲಿನ ಅಟ್ಟಕ್ಕೆ ಹೋಗಿದ್ದರು. ಸಿರುಗುಪ್ಪದ ಸೋದರಳಿಯನಿಗೆ ಫೋನು ಮಾಡಿದರೆ ಅವನು ಎತ್ತಲಿಲ್ಲ. ನಾವು ಬಿಳಿಯ ಚಪ್ಪಲಿಯಲ್ಲಿ ಎದ್ದು ನಿಂತು, ಏನೂ ತೋಚದೆ, ಅಕ್ಕನ ಕೈ ಹಿಡಿದುಕೊಂಡೆವು.

ಅಷ್ಟರಲ್ಲಿ ತಮ್ಮನು ಎದ್ದು ಬಂದು, ನಮ್ಮೊಡನೆ ಮಾತನಾಡದೆ, "ಏಳಕ್ಕಾ" ಎಂದನು. ಅವಳ ತೋಳನ್ನು ಹಿಡಿದು ಹಡಗಿನ ವೈದ್ಯರ ಕೋಣೆಗೆ ನಡೆಸಿಕೊಂಡು ಹೋದನು. ನಾವು ಹಿಂದೆ ಹೋದೆವು. ವೈದ್ಯರು ಕೇಳಿದಾಗ ಅವನು ಗುಳಿಗೆಯ ಹೆಸರನ್ನೂ ಅಳತೆಯನ್ನೂ ತಡವರಿಸದೆ ಹೇಳಿದನು. ಅವರು ಒತ್ತಡವನ್ನು ಅಳೆದು ನೋಡಿ, ಅದೇ ಗುಳಿಗೆಯನ್ನು ಕೊಟ್ಟು, ಅರ್ಧ ತಾಸು ಅಲ್ಲಿಯೇ ಕೂಡಿಸಿಕೊಂಡರು. (ಹಡಗಿನ ವೈದ್ಯರ ಶುಲ್ಕವು ಬೇರೆಯೇ, ಟಿಕೀಟಿನಲ್ಲಿ ಸೇರಿದುದಲ್ಲ.)

ಹೊರಗಿನ ಬೆಂಚಿನಲ್ಲಿ ಅಕ್ಕನು, "ನಿನಗೆ ಹೆಂಗ ಗೊತ್ತಪ್ಪಾ ಅದರ ಹೆಸರು?" ಎಂದು ಕೇಳಿದಳು. ನಾಲ್ಕು ವರ್ಷಗಳಲ್ಲಿ ಅವಳು ಅವನಿಗೆ ಆಡಿದ ಮೊದಲ ಮಾತು ಅದು.

"ಅವ್ವಗೂ ಅದೇ ಅಲ್ಲೇನಕ್ಕಾ. ಹನ್ನೆರಡು ವರ್ಷ ತಿಂಗಳಾ ತಿಂಗಳಾ ನಾನೇ ತಂದೇನಿ. ನಿನಗೂ ಅದನ್ನೇ ಬರದಾರ ಅಂತ ಆಗ ನೀನೇ ಹೇಳಿದ್ದಿ."

ಅಕ್ಕನು ಮಾತನಾಡಲಿಲ್ಲ. ಆ ಹನ್ನೆರಡು ವರ್ಷಗಳಲ್ಲಿ ತಾಯಿಯ ಆರೈಕೆಗೆ ಅವಳಾಗಲಿ ನಾವಾಗಲಿ ಹೋದುದು ಹಬ್ಬಹುಣ್ಣಿಮೆಗಳಿಗೆ ಮಾತ್ರ. ಮನೆಯ ಪಾಲಿನ ಮಾತು ಬಂದಾಗಲೆಲ್ಲ ಗೋಡೆ, ತೊಲೆ, ಅಂಗಳಗಳನ್ನು ಲೆಕ್ಕ ಹಾಕಿದೆವೇ ಹೊರತು ಈ ಗುಳಿಗೆಗಳನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಇದನ್ನು ಹೇಳಬೇಕಾಗಿದ್ದವರು ನಾವು. ನಾಲ್ಕು ವರ್ಷ ಹೇಳಲಿಲ್ಲ. ಅಂದು ಬೆಂಚಿನ ಮೇಲೆ ಹೇಳಿದೆವು. ನಮ್ಮ ಬಣ್ಣವನ್ನು ಕರೆದಾಗ ಹತ್ತು ಗಂಟೆ ಮೀರಿತ್ತು. ಇನ್ನೂ ಸ್ವಲ್ಪ ತಡವಾಗಬಾರದಾಗಿತ್ತೇ ಎನಿಸಿತು.

ದಡಕ್ಕಿಳಿದವರಿಗೆ ನೆಲವೇ ತೂಗುವಂತೆ ತೋರುವುದುಂಟು. ಕಿವಿಯೊಳಗಿನ ಸಮತೋಲದ ಅಂಗವು ಅಲೆಗಳಿಗೆ ಹೊಂದಿಕೊಂಡದ್ದು ಮತ್ತೆ ನೆಲಕ್ಕೆ ಹೊಂದಲು ಸ್ವಲ್ಪ ಕಾಲ ಬೇಕು. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ತಾನಾಗಿ ಹೋಗುತ್ತದೆ. ಹೋಗದಿದ್ದರೆ ವೈದ್ಯರಿಗೆ ತೋರಿಸತಕ್ಕದ್ದು. ವೃದ್ಧರು ಮೆಟ್ಟಿಲುಗಳಲ್ಲಿ ಕೈಹಿಡಿ ಬಿಡಬಾರದು.

ಇನ್ನು ಊರಿಗೆ ಮರಳುವ ಮಾತು. ಮಾರ್ಮಗೋವಾ ನಮ್ಮ ಸೀಮೆಗೆ ಹೊಸದಲ್ಲ. ಆ ಬಂದರಿನಿಂದ ಕ್ಯಾಸಲ್‌ರಾಕಿನವರೆಗೆ ರೈಲು ಹಾದಿಯು ಪೂರ್ಣವಾದುದು ೧೮೮೮ರಲ್ಲಿ. ಹುಬ್ಬಳ್ಳಿ, ಗದಗ, ಹೊಸಪೇಟೆಗಳ ಮೇಲೆ ಅದು ಬಳ್ಳಾರಿಗೆ ಕೂಡುತ್ತದೆ. ನಮ್ಮ ಕಡೆಯ ಕಬ್ಬಿಣದ ಅದಿರು ಈ ಹಾದಿಯಿಂದಲೂ ಕಡಲನ್ನು ಕಂಡಿದೆ. ವಾಸ್ಕೋದಿಂದ ಬಳ್ಳಾರಿಯ ಮೇಲೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ದೂಧಸಾಗರದ ಜಲಪಾತದ ಮಗ್ಗುಲಲ್ಲಿಯೇ ಹಾಯುತ್ತದೆ. ಅದು ದಿನನಿತ್ಯದ ಗಾಡಿಯಲ್ಲವಾದುದರಿಂದ ವಾರವನ್ನೂ ವೇಳೆಯನ್ನೂ ಮೊದಲೇ ವಿಚಾರಿಸಿಕೊಳ್ಳಬೇಕು. ಇಳಿಯುವ ದಿನದ ಬೆಳಗಿನ ಗಾಡಿಗೆ ಮಾತ್ರ ಎಂದಿಗೂ ಟಿಕೀಟು ತೆಗೆಯಬಾರದು. ಹಡಗು ತಡವಾದರೆ ಗಾಡಿ ಕಾಯುವುದಿಲ್ಲ. ನಾವು ಒಂದು ರಾತ್ರಿ ವಾಸ್ಕೋದಲ್ಲಿ ತಂಗಿ, ಮರುದಿನ ಹೊರಟೆವು. ಆ ರಾತ್ರಿ ಎಂಟು ಮಂದಿಯೂ ಒಂದೇ ಪಂಕ್ತಿಯಲ್ಲಿ ಉಂಡೆವು.

ಕುರುಗೋಡಿನ ಮನೆಯ ವಿಷಯವು ಇನ್ನೂ ತೀರ್ಮಾನವಾಗಿಲ್ಲ; ಒಂದು ಬೆಳಗಿನಲ್ಲಿ ತೀರುವ ವಿಷಯವೂ ಅದಲ್ಲ. ಆದರೆ ಬರುವ ತೇರಿಗೆ ಬರುವೆನೆಂದು ಅಕ್ಕನು ತಮ್ಮನಿಗೆ ಹೇಳಿಕಳಿಸಿದ್ದಾಳೆ. ಕಳೆದ ವಾರ ನಾವು ಸಿರುಗುಪ್ಪಕ್ಕೆ ಹೋಗಿದ್ದಾಗ, ಅವಳು ಎಲೆಯಡಿಕೆಯ ಸಂಚಿಯೊಳಗಿಂದ ಒಂದು ಮಡಿಸಿದ ಕಾಗದವನ್ನು ತೆಗೆದು ತೋರಿಸಿದಳು. ಅದರಲ್ಲಿ ಅವಳು ತೆಗೆದುಕೊಳ್ಳುವ ಗುಳಿಗೆಗಳ ಹೆಸರೂ ಅಳತೆಯೂ ಹೊತ್ತೂ ದಪ್ಪ ಕನ್ನಡ ಅಕ್ಷರಗಳಲ್ಲಿ ಇದ್ದವು. ಅಕ್ಷರವು ತಮ್ಮನದು. ಯಾತ್ರೆಗೆ ಹೊರಡುವ ಹಿರಿಯರೆಲ್ಲರ ಸಂಚಿಯಲ್ಲಿಯೂ ಇಂಥ ಒಂದು ಕಾಗದವಿರಲಿ ಎಂದು ಹೇಳಿ ಈ ತಿಂಗಳ ಮಾತನ್ನು ಮುಗಿಸುತ್ತೇವೆ.