ಮನೆ-ಹಿತ್ತಲು: ಬಣ್ಣದ ಕೋಳಿ, ಕಾವಿನ ಕೋಳಿ

ಕೋಳಿಯ ಹೆಸರೆತ್ತಿದರೆ ಮೂಗು ಮುರಿಯುವ ಮನೆಗಳೂ ನಮ್ಮ ಸಂಘದಲ್ಲಿ ಉಂಟು. ಹಿತ್ತಲಲ್ಲಿ ನಾಲ್ಕು ಹೇಂಟೆಗಳು ಕೆದಕದಿದ್ದರೆ ಅದು ಮನೆಯೇ ಅಲ್ಲವೆನ್ನುವವರೂ ಉಂಟು. ಈ ಸಲದ ಮಾತು ಎರಡನೆಯವರಿಗೆ. ಮೊದಲನೆಯವರು ಓದಿದರೂ ನಷ್ಟವೇನಿಲ್ಲ. ಏಕೆಂದರೆ ಇದು ಕೋಳಿಯನ್ನು ತಿನ್ನುವ ವಿಚಾರವಲ್ಲ, ಆರಿಸುವ ವಿಚಾರ.

ಮರಿಗಳನ್ನು ಕೊಳ್ಳಲು ಹೋದ ನಮ್ಮ ಕಣ್ಣು ಮೊದಲು ಹೋಗುವುದು ಬಣ್ಣದ ಮೇಲೆ. ಚಾರ್ಮಿನಾರಿನ ಬಳಿಯ ಮುರ್ಗಿ ಚೌಕಕ್ಕೆ ಆ ಹೆಸರು ಬಂದದ್ದೇ ಕೋಳಿಯ ವ್ಯಾಪಾರದಿಂದ. ಅಂಥ ಪೇಟೆಗಳಲ್ಲಿ ಕೆಂಪು, ಕಪ್ಪು, ಚುಕ್ಕೆ, ಬೂದಿ ಎಂದು ಕೂಗಿಯೇ ಬೆಲೆ ಹೇಳುವುದು ರೂಢಿ. ಬಣ್ಣ ನೋಡುವುದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಬಣ್ಣ ಹೇಳುವುದೆಷ್ಟು, ಹೇಳದೆ ಉಳಿಸುವುದೆಷ್ಟು ಎಂಬುದನ್ನು ತಿಳಿದು ಕೊಂಡರೆ ಒಳ್ಳೆಯದು. ಅದಕ್ಕೆ ಕೊಚಿನ್ ಕೋಳಿಯ ಕಥೆಗಿಂತ ಒಳ್ಳೆಯ ಪಾಠ ಬೇರೊಂದಿಲ್ಲ.

ಹೆಸರು ಕೇಳಿ ಇದು ನಮ್ಮ ಕೇರಳದ ಕೊಚ್ಚಿಯದೆಂದು ಭಾವಿಸಬಾರದು. 1840ರ ದಶಕದಲ್ಲಿ ಚೀನಾ ದೇಶದಿಂದ ಇಂಗ್ಲೆಂಡಿಗೆ ಹೋದ ಹಕ್ಕಿ ಇದು. ವಿಯೆಟ್ನಾಮಿನ ದಕ್ಷಿಣ ಭಾಗಕ್ಕಿದ್ದ ಕೊಚಿನ್-ಚೀನಾ ಎಂಬ ಹೆಸರು ಹೇಗೋ ಅದಕ್ಕೆ ಅಂಟಿಕೊಂಡಿತು. ಕೆಲವರು ಶಾಂಘೈ ಕೋಳಿಯೆಂದೂ ಕರೆದರು. ವಿಕ್ಟೋರಿಯಾ ರಾಣಿಯ ಪಕ್ಷಿಶಾಲೆಯಲ್ಲಿಯೂ ಇವಕ್ಕೆ ಜಾಗ ಸಿಕ್ಕಿತು. ದುಂಡಗೆ ಮೆತ್ತೆಯಂಥ ಮೈ, ಬೆರಳ ತುದಿಯವರೆಗೂ ಪುಕ್ಕ, ಮೋಟು ಬಾಲ. ಹುಂಜವಾದರೆ ಸುಮಾರು 5 ಕಿಲೋ ತೂಕ. ಅಂಥದ್ದನ್ನು ಕಂಡಿರದ ಜನಕ್ಕೆ ಮರುಳು ಹಿಡಿಯಿತು. 1850ರ ಆಸುಪಾಸಿನಲ್ಲಿ ಇಂಗ್ಲೆಂಡ್, ಅಮೆರಿಕಾ ಎರಡೂ ಕಡೆ ಒಂದೊಂದು ಜೋಡಿಗೆ ಹುಚ್ಚು ಬೆಲೆ ಕೊಟ್ಟರು. ಆ ಕಾಲಕ್ಕೆ 'ಕೋಳಿಜ್ವರ'ವೆಂದೇ ಹೆಸರು ಬಿತ್ತು. ಕೆಲವು ವರ್ಷಗಳಲ್ಲಿ ಜ್ವರ ಇಳಿಯಿತು, ಬೆಲೆಯೂ ಇಳಿಯಿತು.

ಅನಂತರ ಕೊಚಿನ್ ಪ್ರದರ್ಶನದ ಕೋಳಿಯಾಯಿತು. ಚಿನ್ನದ ಬಣ್ಣದ್ದು, ಕಪ್ಪು, ಬಿಳಿ, ಕವುಜುಗದ ಗೆರೆಯುಳ್ಳದ್ದು, ನೀಲಿ ಎಂದು ಬಗೆಗಳಾದವು. ಸಾಕುವವರಲ್ಲಿ ಒಂದು ಹಳೆಯ ನುಡಿಯುಂಟು: ಮೈಕಟ್ಟಿನಿಂದ ತಳಿ, ಬಣ್ಣದಿಂದ ಅದರೊಳಗಿನ ಬಗೆ. ಮೈಕಟ್ಟು ಕೊಚಿನ್ನಿನದಲ್ಲದಿದ್ದರೆ ಬಣ್ಣ ಎಷ್ಟು ಚೆನ್ನಾಗಿದ್ದರೂ ಅದು ಬರಿಯ ಬಣ್ಣದ ಕೋಳಿಯೇ.

ಹೀಗೇಕೆ? ಬಣ್ಣಗಳಲ್ಲಿ ಅನೇಕವು ಒಂದೆರಡು ವಂಶವಾಹಿಗಳ ಆಟ. ನೀಲಿಯನ್ನೇ ನೋಡಿ, ನೀಲಿ ಎನ್ನುವುದು ವಾಸ್ತವವಾಗಿ ಬೂದಿ ಛಾಯೆ. ನೀಲಿ ಹುಂಜಕ್ಕೆ ನೀಲಿ ಹೇಂಟೆ ಕೂಡಿಸಿದರೆ ಮರಿಗಳೆಲ್ಲ ನೀಲಿಯಾಗುವುದಿಲ್ಲ. ಸರಾಸರಿ ನಾಲ್ಕರಲ್ಲಿ ಒಂದು ಕಪ್ಪು, ಎರಡು ನೀಲಿ, ಇನ್ನೊಂದು ಬಿಳುಪಿನ ಮೇಲೆ ಬಣ್ಣ ಎರಚಿದಂಥದ್ದು. ಸಾಕುವವರು ಕಪ್ಪನ್ನೂ ಎರಚಲನ್ನೂ ಕೆಟ್ಟ ಮರಿಯೆಂದು ತಳ್ಳಿಬಿಡುತ್ತಾರೆ. ಅದು ಬೇಕಿಲ್ಲ. ಆ ಕಪ್ಪಿಗೂ ಎರಚಲಿಗೂ ಜೋಡಿ ಮಾಡಿದರೆ ಹುಟ್ಟುವುದೆಲ್ಲ ನೀಲಿಯೇ. ಲೆಕ್ಕ ತಿಳಿದವನಿಗೆ ಇಂಥ ಬಣ್ಣ ಒಂದೆರಡು ತಲೆಮಾರಿನಲ್ಲಿ ಕೈಗೆ ಬರುತ್ತದೆ. ಚಿನ್ನದ ಬಣ್ಣವನ್ನು ಒಂದೇ ಸಮನಾಗಿ ತರುವುದು ಮಾತ್ರ ಇಷ್ಟು ಸುಲಭವಲ್ಲ. ಬಂದರೂ ಬಿಸಿಲಿಗೆ ಮಾಸುತ್ತದೆ.

ಮೈಕಟ್ಟು, ತೂಕ, ಮೊಟ್ಟೆ, ಕಾವು ಕೂರುವ ಸ್ವಭಾವ ಇವು ಹಾಗಲ್ಲ. ಒಂದೊಂದಕ್ಕೂ ಹತ್ತಾರು ವಂಶವಾಹಿಗಳ ಕೈವಾಡ. ವರ್ಷವರ್ಷವೂ ಆರಿಸಿ ಆರಿಸಿ ತರಬೇಕು. ಆರಿಸುವವನು ಒಂದನ್ನೇ ನೋಡುತ್ತ ಕುಳಿತರೆ ಉಳಿದವು ಸದ್ದಿಲ್ಲದೆ ಜಾರಿಹೋಗುತ್ತವೆ. ಕೊಚಿನ್ನಿಗೆ ಆದದ್ದೂ ಇದೇ. ಮೊದಲು ಚಳಿಗಾಲದಲ್ಲಿಯೂ ಮೊಟ್ಟೆಯಿಡುವುದೆಂದು ಹೆಸರಾಗಿದ್ದ ಹಕ್ಕಿ, ಪುಕ್ಕ ಹೆಚ್ಚಿಸುವವರ ಕೈಗೆ ಸಿಕ್ಕಿ ಕೊನೆಗೆ ನೋಡುವುದಕ್ಕಷ್ಟೇ ಚೆಂದವಾಯಿತು. ಕಾವು ಕೂರುವ ಒಳ್ಳೆಯ ಗುಣ ಮಾತ್ರ ಅದೃಷ್ಟಕ್ಕೆ ಉಳಿಯಿತು.

ಈಗ ನಮ್ಮ ಹೈದರಾಬಾದಿಗೆ ಬರೋಣ. ರಾಜೇಂದ್ರನಗರದಲ್ಲಿ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಕುಕ್ಕುಟ ಸಂಶೋಧನಾ ನಿರ್ದೇಶನಾಲಯವಿದೆ. 1988ರಲ್ಲಿ ಆರಂಭವಾದ ಸಂಸ್ಥೆ. ಹಿತ್ತಲ ಕೋಳಿಯೆಂದು ಅಲ್ಲಿ ಸಿದ್ಧಪಡಿಸಿದ ವನರಾಜ, ಗ್ರಾಮಪ್ರಿಯಗಳ ಹೆಸರನ್ನು ವಾಚಕರಲ್ಲಿ ಹಲವರು ಕೇಳಿರಬಹುದು. ನಮ್ಮ ಹೆಬ್ಬಾಳದಲ್ಲಿ ಹುಟ್ಟಿದ ಗಿರಿರಾಜವೂ ಇದೇ ಉದ್ದೇಶದ್ದು. ಕಾರ್ಖಾನೆಯ ಮಾಂಸದ ಕೋಳಿ ಬೆಳ್ಳಗಿರುವುದು, ಪುಕ್ಕ ಕಿತ್ತಮೇಲೆ ಚರ್ಮದ ಮೇಲೆ ಕಲೆ ಕಾಣದಿರಲೆಂದು. ಹಿತ್ತಲ ಕೋಳಿಗೆ ಬೇಕೆಂದೇ ಬಣ್ಣ ಉಳಿಸಿದ್ದಾರೆ. ಬಯಲಿನಲ್ಲಿ ಬಿಳಿ ಕೋಳಿ ಹದ್ದಿನ ಕಣ್ಣಿಗೆ ಬೇಗ ಬೀಳುತ್ತದೆ, ಕಂದು ಮಚ್ಚೆಯದು ಮಣ್ಣಿನಲ್ಲಿ ಮಣ್ಣಾಗುತ್ತದೆ. ಅದೂ ಅಲ್ಲದೆ ಇಲ್ಲಿಯವರ 'ನಾಟುಕೋಡಿ', ಅಂದರೆ ನಮ್ಮ ನಾಟಿಕೋಳಿ, ಬಣ್ಣವಿದ್ದರೇ ಒಳ್ಳೆಯ ಬೆಲೆಗೆ ಹೋಗುತ್ತದೆ.

ಎಲ್ಲವೂ ಸರಿಯೆ. ಆದರೆ ಬಣ್ಣ ನಾಟಿಯದಾದ ಮಾತ್ರಕ್ಕೆ ಗುಣವೆಲ್ಲ ನಾಟಿಯದೆಂದು ತಿಳಿಯಬಾರದು. ವನರಾಜದ ಹೇಂಟೆ ಹಿತ್ತಲಲ್ಲಿ ವರ್ಷಕ್ಕೆ ನೂರರ ಮೇಲೆ ಮೊಟ್ಟೆ ಕೊಟ್ಟೀತು. ಕಾವು ಕೂರುವುದನ್ನು ಅದರಿಂದ ನಿರೀಕ್ಷಿಸುವಂತಿಲ್ಲ. ಇದು ದೋಷವಲ್ಲ. ಕಾವಿಗೆ ಕೂತ ಕೋಳಿ ಮೊಟ್ಟೆ ನಿಲ್ಲಿಸುತ್ತದೆ. ಹೆಚ್ಚು ಮೊಟ್ಟೆ ಬೇಕೆಂದವರು ಕಾವನ್ನು ಬಿಟ್ಟುಕೊಟ್ಟೇ ಪಡೆಯಬೇಕು. ಅದು ಮಿಶ್ರತಳಿಯಾದ್ದರಿಂದ ಅದರ ಮರಿಗಳೆಲ್ಲ ತಾಯಿಯಂತೆಯೇ ಬರುವುದೂ ಇಲ್ಲ. ರಾಯಚೂರು, ಯಾದಗಿರಿ ಕಡೆಯ ಹೊಲಮನೆಗೆ ಇಲ್ಲಿಂದ ಮರಿ ಒಯ್ಯುವವರು ಈ ಮಾತನ್ನು ಊರಿನವರಿಗೆ ಮೊದಲೇ ತಿಳಿಸಬೇಕು. ಇದ್ದ ನಾಟಿ ಹೇಂಟೆಗಳನ್ನೆಲ್ಲ ಮಾರಿ ಹೊಸ ಬಣ್ಣದವನ್ನೇ ತುಂಬಿಕೊಂಡರೆ, ಮೂರನೆಯ ವರ್ಷಕ್ಕೆ ಮರಿಗಾಗಿ ಮತ್ತೆ ಪಟ್ಟಣಕ್ಕೇ ಕೈಚಾಚಬೇಕಾದೀತು. ಅಜ್ಜಿಯ ಕಾಲದಿಂದ ದುಡ್ಡಿಲ್ಲದೆ ನಡೆದುಬಂದ ವಂಶ ಅಲ್ಲಿಗೆ ಕಡಿಯಿತು.

ಆದ್ದರಿಂದ ಗೃಹಿಣಿಯರಿಗೆ ನಮ್ಮ ಸಲಹೆ ಇಷ್ಟೆ. ಮೊಟ್ಟೆಗೆಂದು ನಾಲ್ಕು ಸುಧಾರಿತ ಹೇಂಟೆಗಳನ್ನಿಡಿ. ಜೊತೆಗೆ ಕಾವು ಕೂರುವ ಒಂದೆರಡು ನಾಟಿ ಹೇಂಟೆಗಳನ್ನೂ, ಒಂದು ನಾಟಿ ಹುಂಜವನ್ನೂ ಉಳಿಸಿಕೊಳ್ಳಿ. ನಮ್ಮ ಕೋಲಾರದ ಸೀಮೆಯಲ್ಲೂ ಅದಕ್ಕೆ ತಾಗಿದ ಆಂಧ್ರದ ಭಾಗದಲ್ಲೂ ಕಾಣುವ ಘಾಗಸ್ ತಳಿ ಇದಕ್ಕೆ ಹೇಳಿಸಿದ್ದು. ಮರಿಗಳನ್ನು ಚೆನ್ನಾಗಿ ಸಲಹುತ್ತದೆ. ಕಾವಿನ ಕೋಳಿಯ ಕೆಳಗೆ ಹತ್ತು ಹನ್ನೆರಡು ಮೊಟ್ಟೆಯಿಟ್ಟರೆ 21 ದಿನಕ್ಕೆ ಮರಿ. ಕೊಂಡು ತಂದ ಮರಿಗಳಿಗಾದರೆ ಮೊದಲ ವಾರಗಳಲ್ಲಿ ದೀಪದ ಶಾಖ ಬೇಕು, ರಾಣಿಖೇತ್ ರೋಗದ ಲಸಿಕೆ ತಪ್ಪಬಾರದು, ಆರು ವಾರ ತುಂಬಿದ ಮೇಲೆಯೇ ಅಂಗಳಕ್ಕೆ ಬಿಡಬೇಕು.

ಮರಿ ತೆಗೆಯಲು ಹುಂಜವನ್ನು ಆರಿಸುವಾಗ ಬಣ್ಣವನ್ನು ಕೊನೆಗೆ ನೋಡಿ. ಮೊದಲು ಕಾಲು ನೆಟ್ಟಗಿದೆಯೇ, ಎದೆ ಅಗಲವೇ, ಕಣ್ಣು ಚುರುಕೇ ನೋಡಿ. ತಾಯಿ ಯಾವುದು, ಅದು ಎಷ್ಟು ಮರಿಗಳನ್ನು ಉಳಿಸಿ ದೊಡ್ಡದು ಮಾಡಿತು ಎಂದು ಕೇಳಿ. ಇವೆಲ್ಲ ಸರಿಯಿದ್ದು ಇಬ್ಬರು ಸಮನಾಗಿ ನಿಂತಾಗ ಚೆಂದದ ಬಣ್ಣದ್ದನ್ನು ಧಾರಾಳವಾಗಿ ಹಿಡಿದು ತನ್ನಿ. ಬೇಡವೆನ್ನಲು ನಮಗೂ ಮನಸ್ಸಿಲ್ಲ.