ಹೊಂಗಣ್ಣಿನ ಹಸುರು ಹುಳು

ಮಳೆಗಾಲ ಕಳೆದು, ಉಡುಪಿ ಕಾರ್ಕಳಗಳ ಸೀಮೆಯಲ್ಲಿ ಸಂಜೆಯ ದೀಪಕ್ಕೆ ಹುಳುಗಳು ಮುತ್ತತೊಡಗಿದಾಗ, ಚಾವಡಿಯ ಗೋಡೆಯ ಮೇಲೆ ಎಳೆಹಸುರು ಬಣ್ಣದ ನವುರಾದ ಹುಳುವೊಂದು ಬಂದು ಕುಳ್ಳಿರುವುದನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ಅದರ ನಾಲ್ಕು ರೆಕ್ಕೆಗಳು ಗಾಜಿನಂತೆ ತಿಳಿಯಾಗಿದ್ದು, ಮನೆಯ ಮಾಡಿನಂತೆ ಇಳಿಜಾರಾಗಿ ಮೈಯನ್ನು ಮುಚ್ಚಿರುವುವು. ರೆಕ್ಕೆಗಳ ತುಂಬ ಹಸುರು ನರಗಳು ಮೀನಿನ ಬಲೆಯಂತೆ ಹೆಣೆದುಕೊಂಡಿರುವುವು. ಕಣ್ಣುಗಳು ಹೊನ್ನಿನಂತೆ ಹೊಳೆಯುವುವು. ಈ ಬಲೆರೆಕ್ಕೆಯ ಹುಳುವಿನ ಪರಿಚಯವನ್ನು ಈ ತಿಂಗಳು ಮಾಡಿಕೊಡುವೆವು. ನಮ್ಮ ತೋಟಗಳಿಗೆ ಇದರಿಂದಾಗುವ ಉಪಕಾರ ಅಲ್ಪವಲ್ಲ. ಆದರೂ ಗುರುತು ತಿಳಿಯದ ಕಾರಣ ಅನೇಕ ವೇಳೆ ನಾವೇ ಇದನ್ನು ಕೊಲ್ಲುವೆವು.

ಇದರ ಮೊಟ್ಟೆಗಳೇ ಒಂದು ವಿಚಿತ್ರ. ತಾಯಿಹುಳು ಎಲೆಯ ಮೇಲೆ ಅಂಟುರಸದ ತೊಟ್ಟೊಂದನ್ನಿಟ್ಟು, ಹಿಂಬದಿಯನ್ನು ಮೇಲಕ್ಕೆತ್ತಿ ಅದನ್ನು ಕೂದಲಿನಂತಹ ಎಳೆಯಾಗಿ ಸೆಳೆದು, ಅದರ ತುದಿಯಲ್ಲಿ ಒಂದು ಮೊಟ್ಟೆಯನ್ನು ನಿಲ್ಲಿಸುವುದು. ಇರುವೆಗಳ ಬಾಯಿಂದಲೂ, ಮೊದಲು ಹೊರಬಿದ್ದ ಒಡಹುಟ್ಟಿನ ಬಾಯಿಂದಲೂ ಉಳಿದ ಮೊಟ್ಟೆಗಳನ್ನು ಕಾಯುವ ಉಪಾಯವಿದು. ಜಪಾನ್ ದೇಶದವರು ಈ ಮೊಟ್ಟೆಗಳನ್ನು ಅತ್ತಿಯ ಹೂವೆಂದೇ ಕರೆದರು. ಅತ್ತಿಯ ಹೂವು ಕಾಯಿಯೊಳಗೇ ಅಡಗಿರುವುದರಿಂದ ಕಂಡವರು ವಿರಳ. ಅದು ಮೂರು ಸಾವಿರ ವರ್ಷಕ್ಕೊಮ್ಮೆ ಅರಳುವುದೆಂದು ಬೌದ್ಧರಲ್ಲಿ ಪ್ರತೀತಿಯುಂಟು. ನಾವಾದರೋ ಬೂಷ್ಟೆಂದು ಭಾವಿಸಿ ಎಲೆಯನ್ನೇ ಚಿವುಟಿ ಎಸೆದುಬಿಡುವೆವು.

ಮೊಟ್ಟೆಯಿಂದ ಹೊರಟ ಮರಿಯಲ್ಲಿ ತಾಯಿಯ ಸೌಮ್ಯರೂಪವು ಲೇಶವೂ ಕಾಣದು. ಕುಡುಗೋಲಿನಂತೆ ಬಾಗಿದ ಎರಡು ಟೊಳ್ಳು ದವಡೆಗಳಿಂದ ಗಿಡಹೇನು, ಹಿಟ್ಟುತಿಗಣೆ, ಬಿಳಿನೊಣದ ಮರಿ ಇವುಗಳನ್ನು ಚುಚ್ಚಿ ರಸವನ್ನು ಹೀರುವುದು. ಕೆಲವು ಬಗೆಯ ಮರಿಗಳು ತಾವು ಹೀರಿಬಿಟ್ಟ ತೊಗಲುಗಳನ್ನೇ ಬೆನ್ನಿಗೇರಿಸಿಕೊಂಡು, ಕಸದ ಮುದ್ದೆಯೊಂದು ನಡೆದಾಡುವಂತೆ ಸಂಚರಿಸುವುವು. ಮಾಡಿನ ಕೆಳಗಿನ ಒಣಮಣ್ಣಿನಲ್ಲಿ ಆಲಿಕೆಯಂತಹ ಗುಂಡಿ ತೋಡಿ ಇರುವೆಗಾಗಿ ಹೊಂಚುವ ಹುಳುವೂ ಇದರ ದಾಯಾದಿಯೇ ಸರಿ.

೨೦೧೬ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ ಮೊದಲು ಕಾಣಿಸಿಕೊಂಡ ಸುರುಳಿ ಬಿಳಿನೊಣವು ಬೇಗನೆ ನಮ್ಮ ಕರಾವಳಿಯ ತೆಂಗಿಗೂ ಬಂದಿತು. ಗರಿಯ ಕೆಳಗೆ ಬಿಳಿಯ ಮೇಣ; ಕೆಳಗಿನ ಗರಿಗಳ ಮೇಲೆ ಅಂಟಾದ ಸಿಹಿರಸ, ಅದರ ಮೇಲೆ ಕಾಡಿಗೆಯಂತಹ ಬೂಷ್ಟು. ಕಾಪುವಿನ ಕಡಲತಡಿಯಲ್ಲಿ ತೆಂಗು ಬೆಳೆಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ನೊಣದ ಮರಿಗಳನ್ನು ತಿನ್ನುವ ಜೀವಿಗಳಲ್ಲಿ ಒಂದು ಬಲೆರೆಕ್ಕೆಯ ಹುಳುವು ಮುಖ್ಯವೆಂದು ಕೀಟಶಾಸ್ತ್ರಜ್ಞರು ಕಂಡುಕೊಂಡರು. ಆಗ ಅದರ ಹೆಸರು ಸ್ಯೂಡೊಮಲ್ಲಾಡ ಆಸ್ಟರ್ ಎಂದಿತ್ತು. ಹಳೆಯ ಲೇಖನಗಳಲ್ಲಿ ಇದನ್ನೇ ಮಲ್ಲಾಡ ಆಸ್ಟರ್ ಎಂದೂ ಡೈಕೊಕ್ರೈಸ ಆಸ್ಟರ್ ಎಂದೂ ಬರೆದಿರುವರು. ಮೂರು ಹೆಸರುಗಳೂ ಒಂದೇ ಹುಳುವಿನವೆಂದು ಅರಿಯದವನಿಗೆ ಅದರ ಕುರಿತ ಪೂರ್ವಿಕರ ಅನುಭವವೆಲ್ಲ ನಷ್ಟವಾದಂತೆಯೇ.

ಹೀಗಿರಲು, ಹೆಸರಿಡುವ ಕಾರ್ಯವು ಕೇವಲ ಪಂಡಿತರ ವಿನೋದವಲ್ಲ. ಸ್ವೀಡನ್ ದೇಶದ ಲಿನ್ನೇಯಸನು ೧೭೫೮ರಲ್ಲಿ ಈ ಗಣಕ್ಕೆ ನ್ಯೂರಾಪ್ಟೆರಾ, ಎಂದರೆ ನರರೆಕ್ಕೆಯವು, ಎಂದು ಹೆಸರಿಟ್ಟನು. ಇಂದು ಇದರಲ್ಲಿ ಸುಮಾರು ೬,೦೦೦ ಪ್ರಭೇದಗಳು ತಿಳಿದಿವೆ. ಹೊಸದೊಂದು ದೊರೆಯಿತೆಂದು ಹೇಳಬೇಕಾದರೆ ಹುಳುವನ್ನು ಒಣಗಿಸಿ ಸೂಜಿಗೆ ಚುಚ್ಚಿ, ಸಿಕ್ಕಿದ ಸ್ಥಳವನ್ನೂ ದಿನಾಂಕವನ್ನೂ ಬರೆದಿಡಬೇಕು. ರೆಕ್ಕೆಯ ನರಗಳನ್ನು ಎಣಿಸಬೇಕು. ಹೊಟ್ಟೆಯ ತುದಿಯ ಜನನಾಂಗಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬೇಕು. ಹಿಂದೆ ಹೆಸರಾದವುಗಳೊಡನೆ ಹೋಲಿಸಬೇಕು. ಬಳಿಕ ಲಕ್ಷಣಗಳನ್ನು ಬರೆದು ಪ್ರಕಟಿಸಿ, ಆ ಮಾದರಿಯ ಹುಳುವನ್ನು ಮುಂದಿನವರು ನೋಡುವಂತೆ ಸಂಗ್ರಹಾಲಯದಲ್ಲಿ ಕಾಪಾಡಬೇಕು.

ಇಷ್ಟಾದರೂ ಕಣ್ಣು ಮೋಸಹೋಗುವುದುಂಟು. ಭಾರತದ ಹೊಲಗಳ ಸಾಮಾನ್ಯ ಬಲೆರೆಕ್ಕೆಯ ಹುಳುವನ್ನು ಬಹುಕಾಲ ಯೂರೋಪಿನ ಕ್ರೈಸೊಪರ್ಲ ಕಾರ್ನಿಯ ಎಂದೇ ನಂಬಿದ್ದರು. ಬೆಂಗಳೂರಿನ ಕೀಟಸಂಸ್ಥೆಯಲ್ಲಿ, ಮನೆಯ ಅಕ್ಕಿಡಬ್ಬಿಯನ್ನು ಕೆಡಿಸುವ ಪತಂಗದ ಮೊಟ್ಟೆಗಳನ್ನು ತಿನ್ನಿಸಿ ಇದನ್ನು ಸಾಕುವರು. ಈ ಹುಳುಗಳು ಹೊಟ್ಟೆಯನ್ನು ಅದುರಿಸಿ, ನಮ್ಮ ಕಿವಿಗೆ ಕೇಳದ ಕಂಪನವನ್ನು ಎಲೆಯ ಮೂಲಕ ಕಳುಹಿಸಿ ತಮ್ಮ ಸಂಗಾತಿಯನ್ನು ಕರೆಯುವುವು. ಒಂದೊಂದು ಪ್ರಭೇದದ ತಾಳವೂ ಬೇರೆ. ಅಮೆರಿಕದ ಚಾರ್ಲ್ಸ್ ಹೆನ್ರಿಯವರೂ ಬೆಂಗಳೂರಿನ ಟಿ. ವೆಂಕಟೇಶನ್ ಮೊದಲಾದವರೂ ಆ ತಾಳವನ್ನು ಪರೀಕ್ಷಿಸಿ, ನಮ್ಮದು ಕಾರ್ನಿಯವಲ್ಲ, ದಕ್ಷಿಣ ಆಫ್ರಿಕದ ಜ್ಯಾಸ್ಟ್ರೋವಿಗೆ ಸೇರಿದ ಸಿಲ್ಲೆಮಿ ಎಂಬ ಉಪಪ್ರಭೇದವೆಂದು ೨೦೧೦ರಲ್ಲಿ ಪ್ರಕಟಿಸಿದರು. ರೂಪದಲ್ಲಿ ಒಂದೇ ಆಗಿ ಕಂಡರೂ ತಾಳ ಹೊಂದದಿದ್ದರೆ ಹೆಣ್ಣು ಓಗೊಡದು. ಪರದೇಶದ ಹುಳುವಿನ ಗುಣವನ್ನು ಪುಸ್ತಕದಲ್ಲೋದಿ ನಮ್ಮ ಹುಳುವಿಗೆ ಅನ್ವಯಿಸಿದರೆ ತಪ್ಪುವ ಸಂಭವವೇ ಹೆಚ್ಚೆಂದು ಇದರಿಂದ ವೇದ್ಯವಾಗುವುದು.

ಗೃಹಸ್ಥರು ಜನನಾಂಗಗಳನ್ನು ಪರೀಕ್ಷಿಸಬೇಕಾಗಿಲ್ಲ. ಗುರುತು ಹಿಡಿದರೆ ಸಾಕು. ದಾಸವಾಳದಲ್ಲೋ ಅಲಸಂಡೆಯಲ್ಲೋ ಮಟ್ಟುವಿನ ಗುಳ್ಳದಲ್ಲೋ ಹೇನು ಕಂಡಕೂಡಲೇ ವಿಷವನ್ನು ಸಿಂಪಡಿಸುವ ಮೊದಲು ಎಲೆಯನ್ನು ಒಮ್ಮೆ ತಿರುವಿ ನೋಡಿರಿ. ನೂಲಿನ ತುದಿಯಲ್ಲಿ ನಿಂತ ಮೊಟ್ಟೆಗಳಿದ್ದರೆ ನಾಲ್ಕಾರು ದಿನ ತಾಳಿರಿ. ಮಣಿಪಾಲದ ಮುರಕಲ್ಲಿನ ಗುಡ್ಡದ ಮೇಲಾಗಲಿ, ಕಾರ್ಕಳದ ಬಂಡೆಗಳ ಬುಡದಲ್ಲಾಗಲಿ ಇರುವ ಶಾಲೆಯ ಮಕ್ಕಳಿಗೂ ಇದನ್ನು ತೋರಿಸಿರಿ. ಇನ್ನೂ ಹೆಸರಿಲ್ಲದ ಹುಳುವೊಂದನ್ನು ಮುಂದೆ ಗುರುತಿಸಬೇಕಾದವರು ಆ ಮಕ್ಕಳೇ ಅಲ್ಲವೆ?